ಹನ್ನೆರಡನೇ ಸುತ್ತಿನವನು

ವರ್ಡೆಲ್ ಮ್ಯಾಕಿಯ ಅಂತ್ಯಕ್ರಿಯೆಗೆಂದು ಚರ್ಚಿಗೆ ಬಂದ ಆಸಿ ಟಾರ್ವರ್ ಎರಡನೇ ಬೆಂಚಿನ ತುದಿ ಹಿಡಿದು ಇನ್ನೇನು ಕೂರಬೇಕು, ಬಿಳಿ ಕೈಗವಸು ತೊಟ್ಟ ಕೈಯೊಂದು ಅವನ ಎದೆಗೆ ಅಡ್ಡ ಬಂತು.

"ಇಲ್ಲಿ ಬೇಡ, ಬ್ರದರ್ ಟಾರ್ವರ್," ಎಂದಳು ಸಿಸ್ಟರ್ ಅರ್ನೆಟಾ. ಸತ್ತವರ ಮನೆಯವರನ್ನು, ಬಂದವರನ್ನು ಸಾಲಾಗಿ ಕೂರಿಸುವ ಕೆಲಸ ಈ ಚರ್ಚಿನಲ್ಲಿ ಬಹಳ ಕಾಲದಿಂದ ಅವಳದೇ. ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬ್ರದರ್, ಸಿಸ್ಟರ್. "ಇದು ಮೊದಲನೇ ಸುತ್ತಿನೋರ ಬೆಂಚು."

"ಏನಂದ್ರಿ?"

"ಮೊದಲನೇ ಸುತ್ತಿನೋರು. ವರ್ಡೆಲ್ ಜೊತೆಯೋರು. ಲೇಕ್‌ಪೋರ್ಟ್ ತಂಡದಲ್ಲಿ ಆಡ್ದೋರು, ದೂರದಿಂದ ಬರ್ತಾ ಇದಾರೆ. ಅವನ ಹೆಂಡ್ತಿ ಯೊಲಾಂಡಾನೇ ಹೇಳಿದಾಳೆ, ಅವರಿಗೇ ಇಡಿ ಅಂತ."

"ಸಿಸ್ಟರ್, ನಾನೂ ಅದೇ ತಂಡದೋನು. ಒಂಬತ್ತು ವರ್ಷ ಆಡಿದೀನಿ ಅಲ್ಲಿ."

"ಗೊತ್ತಪ್ಪ, ನಂಗೊತ್ತಿಲ್ವಾ. ಆದ್ರೆ ನಿಂದು ಎಷ್ಟನೇ ಸುತ್ತು?"

ಆಸಿ ಬೆಂಚಿನ ತುದಿ ಬಿಟ್ಟ. ಅವನದು ಎಷ್ಟನೇ ಸುತ್ತು ಎಂಬುದು ಹ್ಯಾಚೆಟ್ ಬೆಂಡ್ ಊರಿನ ನಾಯಿಗಳಿಗೂ ಗೊತ್ತಿತ್ತು. ಪ್ರತಿ ಏಪ್ರಿಲ್‌ನಲ್ಲಿ ಅಮೆರಿಕನ್ ಫುಟ್‌ಬಾಲಿನ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟದ, ವೃತ್ತಿ ತಂಡಗಳು ಸರದಿ ಪ್ರಕಾರ ಕಾಲೇಜು ಹುಡುಗರನ್ನು ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ಹೆಸರನ್ನು ದೇಶಕ್ಕೆ ದೇಶವೇ ಟಿವಿಯಲ್ಲಿ ಕೇಳುತ್ತದೆ. ಕೊನೆಯ ಸುತ್ತು ಬರುವ ಹೊತ್ತಿಗೆ ಟಿವಿಯವರು ದೀಪ ಆರಿಸಿ ಮನೆಗೆ ಹೋಗಿರುತ್ತಾರೆ. ತೊಂಬತ್ತೊಂದನೇ ಇಸವಿಯಲ್ಲಿ ಲೇಕ್‌ಪೋರ್ಟ್ ತಂಡದವರು ಅಲಬಾಮಾದ ಈ ಪುಟ್ಟ ಊರಿನಿಂದ ಇಬ್ಬರನ್ನು ಎತ್ತಿಕೊಂಡರು. ವರ್ಡೆಲ್ ಮ್ಯಾಕಿಯನ್ನು ಮೊದಲನೇ ಸುತ್ತಿನಲ್ಲಿ, ಆಸಿ ಟಾರ್ವರನನ್ನು ಹನ್ನೆರಡನೆಯದರಲ್ಲಿ. ಹದಿಮೂರನೆಯದು ಎಂಬುದು ಇರಲೇ ಇಲ್ಲ.

ಇಬ್ಬರದೂ ಒಂದೇ ಕೆಲಸ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವುದು. ವರ್ಡೆಲ್ ಎರಡನೇ ವರ್ಷವೇ ಮಂಡಿ ಮುರಿದುಕೊಂಡು ಊರಿಗೆ ಬಂದ, ಶಾಲಾ ಬಸ್ಸಿನ ಡ್ರೈವರಾದ, ಹೋದ ವಾರ ಸಾಯುವವರೆಗೂ ಅದನ್ನೇ ಓಡಿಸಿದ. ಅವನ ಜಾಗಕ್ಕೆ ಇಳಿದ ಆಸಿ ಒಂಬತ್ತು ವರ್ಷ ಓಡಿದ. ಯಾವ ಲೆಕ್ಕದಲ್ಲಿ ನೋಡಿದರೂ ಗೆದ್ದವನು ಆಸಿಯೇ. ಆದರೆ ಊರಿನ ಲೆಕ್ಕವೇ ಬೇರೆ. ಊರಿಗೆ ವರ್ಡೆಲ್ ಎಂದರೆ ಕೊನೆಯವರೆಗೂ 'ನಮ್ಮ ಫಸ್ಟ್ ರೌಂಡ್'. ಆಸಿ ಎಂದರೆ, ವರ್ಡೆಲ್ ಬಿದ್ದಾಗ ಇಳಿದನಲ್ಲ, ಅವನು.

ಆಸಿ ನಾಲ್ಕನೇ ಸಾಲಿಗೆ ಹೋಗಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಡ್ರೂಸಿಲ್ಲಾ ಬೇನ್ಸ್ ಪಕ್ಕ ಕೂತ. ಅವಳು ಇದಕ್ಕೇ ಕಾಯುತ್ತಿದ್ದವಳಂತೆ ಹತ್ತಿರ ಸರಿದಳು.

"ಆಸಿ, ಮೈದಾನದ ವಿಷಯ. ಮುಂದಿನ ವಾರ ಕಮಿಟಿ ಸೇರುತ್ತೆ."

ಆಸಿ ನೆಟ್ಟಗೆ ಕೂತ. ಹೈಸ್ಕೂಲಿನ ಫುಟ್‌ಬಾಲ್ ಮೈದಾನಕ್ಕೆ ಹೆಸರಿಡುವ ಮಾತು ಒಂದು ವರ್ಷದಿಂದ ನಡೆದಿತ್ತು. ಆ ಕಮಿಟಿಯಲ್ಲಿ ಅವನೂ ಇದ್ದ. ತಾನಾಗಿ ಬಾಯಿ ಬಿಟ್ಟು ಕೇಳುವುದು ಚೆನ್ನಾಗಿರುವುದಿಲ್ಲವೆಂದು, ಯಾರಾದರೂ 'ಟಾರ್ವರ್ ಮೈದಾನ' ಎನ್ನಲಿ ಎಂದು ಸುಮ್ಮನೆ ಕಾಯುತ್ತಿದ್ದ.

"ವರ್ಡೆಲ್ ಹೆಸರೇ ಇಡೋಣ ಅಂತ ಎಲ್ರಿಗೂ ಮನಸ್ಸಾಗಿದೆ," ಎಂದಳು ಡ್ರೂಸಿಲ್ಲಾ. "ಹೋಗಿಬಿಟ್ನಲ್ಲ ಪಾಪ. ನೀನೂ ಇವತ್ತು ಎರಡು ಮಾತಾಡ್ತೀಯಲ್ಲ, ಅಲ್ಲೇ ನೀನೇ ಹೇಳಿಬಿಟ್ರೆ ಎಷ್ಟು ಚೆಂದ. ಗೆಳೆಯನ ಬಾಯಿಂದ ಬಂದ ಹಾಗಿರುತ್ತೆ. ನೀನು ಹೇಳಿದ ಮೇಲೆ ಯಾರ್ ಬೇಡ ಅಂತಾರೆ?"

"ನೋಡೋಣ," ಎಂದ ಆಸಿ. ಎದುರಿಗೆ ಹೂಗಳ ಮಧ್ಯೆ ಶವದ ಪೆಟ್ಟಿಗೆ ತೆರೆದಿತ್ತು. ವರ್ಡೆಲ್‌ನ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಸತ್ತ ಮೇಲೂ ಬಿಡಲಿಲ್ಲವಲ್ಲ ಇವನು ಎಂದುಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ಗುಸುಗುಸು ಎದ್ದಿತು. ಮೊದಲನೇ ಸುತ್ತಿನವರು ಬಂದರು. ಮುಂದೆ ಗಾರ್ಲೆಂಡ್ ಪೋ. ಆಡುವ ಕಾಲಕ್ಕೆ ಗೋಡೆಯಂತಿದ್ದವನು ಈಗ ಎರಡು ಗೋಡೆಯಾಗಿದ್ದ. ಜಾರ್ಜಿಯಾದ ಹೆದ್ದಾರಿ ಪಕ್ಕ ಹಂದಿಮಾಂಸ ಸುಡುವ ಅಂಗಡಿ ಇಟ್ಟಿದ್ದಾನೆ. ಹಿಂದೆ ಬ್ರೆಂಟ್ ಹಾಲ್ವರ್ಸನ್. ಚೆಂಡು ಎಸೆಯುವ ಕೈಗೆ ಒಂದು ಕಾಲದಲ್ಲಿ ಲೇಕ್‌ಪೋರ್ಟ್ ನಗರವೇ ಹರಕೆ ಹೊತ್ತಿತ್ತು. ಆ ಕೈ ಈಗ ಈಜುಕೊಳ ಮಾರುತ್ತದೆ, ಮೂರನೇ ಹೆಂಡತಿಗೆ ಬಾಗಿಲು ತೆರೆಯುತ್ತದೆ. ಇಬ್ಬರೂ ಬೇರೆ ಬೇರೆ ವರ್ಷ ಮೊದಲನೇ ಸುತ್ತಿನಲ್ಲಿ ಬಂದವರು, ಇಬ್ಬರೂ ಬೇಗನೆ ಉರುಳಿದವರು. ಸಿಸ್ಟರ್ ಅರ್ನೆಟಾ ಅವರನ್ನು ರಾಜಮರ್ಯಾದೆಯಿಂದ ಎರಡನೇ ಬೆಂಚಿಗೆ ಕರೆತಂದಳು.

"ಟಾರ್ವರ್!" ಗಾರ್ಲೆಂಡ್ ತಿರುಗಿ ಪಿಸುಗುಟ್ಟಿದ. ಅವನ ಪಿಸುಮಾತು ಹಾಡುವವರ ಸಾಲಿಗೂ ಕೇಳಿಸಿತು. "ನೀನ್ಯಾಕಯ್ಯಾ ಅಲ್ಲಿ ಹಿಂದೆ ಕೂತಿದೀಯಾ?"

"ಇಲ್ಲೇ ಗಾಳಿ ಚೆನ್ನಾಗಿದೆ," ಎಂದ ಆಸಿ.

"ಈ ಸಲದ ಪಟ್ಟಿ ನೋಡಿದ್ಯಾ? ಲೇಕ್‌ಪೋರ್ಟ್ ಪೇಪರಿಂದು?"

ಅಲ್ಲಿನ ಪತ್ರಿಕೆಯೊಂದು ಪ್ರತಿ ವಸಂತದಲ್ಲಿ ತಂಡದ ಹಳೆಯ ಮೊದಲ ಸುತ್ತಿನವರನ್ನೆಲ್ಲ ಹೆಕ್ಕಿ, ಯಾರು ಏನಾದರು, ಯಾರು ಎಷ್ಟು ದಂಡ ಎಂದು ಸಾಲಾಗಿ ಬರೆಯುತ್ತದೆ. ಅದನ್ನು ಓದಿ ಇವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಬಿದ್ದು ಬಿದ್ದು ನಗುವುದು ವರ್ಷ ವರ್ಷದ ಪದ್ಧತಿ.

"ವರ್ಡೆಲ್‌ನ ಮೂರನೇ ದಂಡಪಿಂಡ ಅಂತ ಹಾಕಿದಾರೆ," ಎಂದ ಗಾರ್ಲೆಂಡ್. "ನಂಗೆ ಏಳನೇದು. ಏಳನೇದು! ಅವನು ಎರಡು ವರ್ಷ ಆಡ್ದ, ನಾನು ಒಂದೂವರೆ ಆಡ್ದೆ. ನ್ಯಾಯ ಅನ್ನೋದು ಇದೆಯಾ?"

"ನಂದು ಒಂದನೇದು," ಎಂದ ಬ್ರೆಂಟ್ ಟೈ ಸರಿಮಾಡಿಕೊಳ್ಳುತ್ತಾ. "ಸತತ ಆರನೇ ವರ್ಷ."

"ನೀನು ಬಿಡಪ್ಪ, ನಿನ್ನ ಹಿಡಿಯೋರು ಯಾರು."

ಇಬ್ಬರೂ ಭುಜ ಕುಣಿಸಿಕೊಂಡು ನಕ್ಕರು. ಆಸಿಗೂ ನಗು ಬರಬೇಕಿತ್ತು. ಬರಲಿಲ್ಲ. ಒಂಬತ್ತು ವರ್ಷ ಮೈ ಮುರಿದು ದುಡಿದವನಿಗೆ ಊರಿನ ಒಳ್ಳೆಯವರ ಪಟ್ಟಿಯಲ್ಲಂತೂ ಜಾಗ ಸಿಗಲಿಲ್ಲ, ಕೆಟ್ಟವರ ಪಟ್ಟಿಯಲ್ಲೂ ಇಲ್ಲ. ಹನ್ನೆರಡನೇ ಸುತ್ತಿನವನಿಂದ ಯಾರೂ ಏನನ್ನೂ ನಿರೀಕ್ಷಿಸಿರುವುದಿಲ್ಲ, ಹಾಗಾಗಿ ಅವನು ಏನಾದರೂ ಯಾರಿಗೂ ಸುದ್ದಿಯಲ್ಲ.

* * *

ತೊಂಬತ್ತೊಂದರ ಏಪ್ರಿಲ್‌ನಲ್ಲಿ, ಆಯ್ಕೆಯ ಮೊದಲ ದಿನ, ಮ್ಯಾಕಿಯವರ ಮನೆಯ ಮುಂದೆ ಟಿವಿಯವರ ವ್ಯಾನು ನಿಂತಿತ್ತು. ಊರಿಗೆ ಊರೇ ಅವರ ಅಂಗಳದಲ್ಲಿತ್ತು. ಆಸಿಯ ಮನೆಯಲ್ಲಿ ಆ ಚಾನೆಲ್ ಬರುತ್ತಿರಲಿಲ್ಲವಾದ್ದರಿಂದ ಅವನೂ ಅಲ್ಲೇ ಇದ್ದ. ಅವನೂ ಅದೇ ವರ್ಷ ಕಾಲೇಜಿನಲ್ಲಿ ಓಡಿದವನು, ಅವನಿಗೂ ಇವತ್ತು ಫೋನ್ ಬರಬಹುದು ಎಂಬುದು ಅಲ್ಲಿದ್ದ ಯಾರ ತಲೆಗೂ ಹೊಳೆಯಲಿಲ್ಲ. ವರ್ಡೆಲ್‌ನ ತಾಯಿ ಅವನ ಕೈಗೆ ಐಸ್ ಬಕೆಟ್ ಕೊಟ್ಟು, "ಸ್ವಲ್ಪ ತುಂಬಿಸ್ಕೊಂಡು ಬಾ ಕಂದಾ," ಎಂದಳು.

ಅವನು ಅಂಗಡಿಯಿಂದ ಐಸ್ ಹೊತ್ತು ಬರುವಾಗಲೇ ಕೂಗು ಕೇಳಿಸಿತು. ಒಳಗೆ ಬಂದರೆ ವರ್ಡೆಲ್ ತಲೆಯ ಮೇಲೆ ಲೇಕ್‌ಪೋರ್ಟ್ ತಂಡದ ಟೋಪಿ, ಅವನ ತಾಯಿ ನೆಲದ ಮೇಲೆ ಕೂತು ದೇವರಿಗೆ ಸ್ತೋತ್ರ ಹೇಳುತ್ತಿದ್ದಾಳೆ, ಪಾದ್ರಿ ಕುಣಿಯುತ್ತಿದ್ದಾರೆ. ವರ್ಡೆಲ್ ಎಲ್ಲರನ್ನೂ ತಬ್ಬಿಕೊಂಡ. ಆಸಿಯನ್ನೂ ತಬ್ಬಿಕೊಂಡ. ನಡುವೆ ಐಸ್ ಬಕೆಟ್ ಇತ್ತು. ಆಸಿಯ ಅಂಗಿ ಹೊಟ್ಟೆಯವರೆಗೂ ತೊಯ್ದು, ತಣ್ಣಗಾಯಿತು.

"ನಿಂಗೂ ಬರುತ್ತೆ ಕಣೋ," ಎಂದ ವರ್ಡೆಲ್ ಅವನ ಕಿವಿಯಲ್ಲಿ. ಅವನು ಮನಸಾರೆ ಹೇಳಿದ್ದ. ಅದಕ್ಕೇ ಅದು ಇನ್ನೂ ಚುಚ್ಚಿತು.

ಆಸಿಗೆ ಫೋನ್ ಬಂದದ್ದು ಮರುದಿನ ಸಂಜೆ. ಅಮ್ಮ ಅಡಿಗೆಮನೆಯಲ್ಲಿ ಮೀನು ಕರಿಯುತ್ತಿದ್ದಳು.

"ಟಾರ್ವರ್ ತಾನೇ?" ಎಂದಿತು ಆ ಕಡೆಯ ಧ್ವನಿ, ಸುಸ್ತಾಗಿ. "ನೀನು ವರ್ಡೆಲ್ ಮ್ಯಾಕಿ ಊರೋನೇ ಅಲ್ವಾ? ಒಳ್ಳೇದಾಯ್ತು. ಅವನ ಜೊತೆಗೇ ಬಂದ್ಬಿಡು."

ಅಮ್ಮ ಸುದ್ದಿ ಕೇಳಿ ಒಲೆ ಆರಿಸಿ, ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು. "ಸದ್ಯ, ವರ್ಡೆಲ್ ಇದಾನಲ್ಲ ಜೊತೆಗೆ," ಎಂದಳು. "ಇನ್ನು ನಂಗೆ ಚಿಂತೆಯಿಲ್ಲ."

* * *

ಮಾತಾಡುವವರಿಗೆ ತಲಾ ಎರಡು ನಿಮಿಷ ಎಂದು ಅಂತ್ಯಕ್ರಿಯೆಯ ಕಾರ್ಯಕ್ರಮದ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಎರಡು ನಿಮಿಷ ಮೀರಿದವರನ್ನು ಇಳಿಸುವ ಕೆಲಸ ಆರ್ಗನ್ ನುಡಿಸುವ ಮಿಸ್ಟರ್ ಲೆಮಾಂಟ್‌ನದು. ಮೊದಲು ಮೆಲ್ಲಗೆ ಒಂದು ಸ್ವರ ಹಿಡಿಯುತ್ತಾನೆ. ಅದಕ್ಕೂ ಬಗ್ಗದಿದ್ದರೆ ಜೋರಾಗಿ ಹಾಡೇ ಎತ್ತಿಬಿಡುತ್ತಾನೆ.

ಗಾರ್ಲೆಂಡ್ ಮೊದಲು ಹೋದ. ಜನರನ್ನು ನಗಿಸಿದ, ಅಳಿಸಿದ, ಮತ್ತೆ ನಗಿಸಿದ. ವರ್ಡೆಲ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ನರ್ಸಿಗೆ, "ಈ ಮಂಡಿ ತಗೊಂಡು ಹೋಗಿ ಯಾರಾದ್ರೂ ಮುದುಕಿಗೆ ಹಾಕಿ, ಅವಳಿಗೆ ಸಾಕು," ಎಂದಿದ್ದನ್ನು ಹೇಳಿದ. ಚರ್ಚಿನ ತುಂಬ ಜನ ಬೀಸಣಿಗೆಯನ್ನು ತೊಡೆಗೆ ಬಡಿದುಕೊಂಡು ನಕ್ಕರು. ಐದು ನಿಮಿಷ ದಾಟಿತು. ಮಿಸ್ಟರ್ ಲೆಮಾಂಟ್ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದ, ಒಂದು ಸ್ವರವೂ ಇಲ್ಲ.

ಆಮೇಲೆ ಪಾದ್ರಿ ಕ್ರೆನ್ಶಾ ಹೇಳಿದರು, "ಈಗ ನಮ್ಮ ಬ್ರದರ್ ಆಸಿ ಟಾರ್ವರ್. ಎರಡೇ ನಿಮಿಷ, ಬ್ರದರ್."

ಆಸಿ ಮೈಕಿನ ಮುಂದೆ ನಿಂತ. ಡ್ರೂಸಿಲ್ಲಾ ನಾಲ್ಕನೇ ಸಾಲಿನಿಂದ ತಲೆಯಾಡಿಸಿದಳು. ಒಂದೇ ಒಂದು ವಾಕ್ಯ ಸಾಕಿತ್ತು. 'ಮೈದಾನಕ್ಕೆ ನನ್ನ ಗೆಳೆಯನ ಹೆಸರಿಡಿ.' ಅದನ್ನು ಹೇಳಲೆಂದೇ ಬಾಯಿ ತೆರೆದ. ಹೊರಗೆ ಬಂದದ್ದು ಬೇರೆ.

"ವರ್ಡೆಲ್ ನಾನು ಒಟ್ಟಿಗೆ ಬೆಳೆದ್ವಿ," ಎಂದ. "ಒಟ್ಟಿಗೆ ಹೋದ್ವಿ. ಅವನಿಗೆ ಏಟಾಯ್ತು. ಆಗ ಕೋಚ್ ನನ್ನ ಕರೆದ್ರು. ಆವತ್ತು ನಾನು ನೂರಾ ಹನ್ನೊಂದು ಗಜ ಓಡಿದೆ. ನೂರು ದಾಟೋದೇ ದೊಡ್ಡ ಮಾತು. ಅದಾದ ಮುಂದಿನ ವಾರ..."

ಆರ್ಗನ್ ಒಂದು ಸ್ವರ ಹಿಡಿಯಿತು.

"ಮುಂದಿನ ವಾರ ಹಿಮ ಬೀಳ್ತಿತ್ತು. ಆಗಲೂ..."

ಸ್ವರ ಎರಡಾಯಿತು. ಯಾರೋ ಅಜ್ಜಿ "ಇರ್ಲಿ ಬಿಡಪ್ಪ, ದೇವರು ನೋಡ್ತಾನೆ," ಎಂದಳು. ಹಾಡುವವರು ಎದ್ದು ನಿಂತರು. ಆಸಿ ತನ್ನ ಜಾಗಕ್ಕೆ ಬಂದು ಕೂತ. ಡ್ರೂಸಿಲ್ಲಾ ಅವನ ಕಡೆ ನೋಡಲಿಲ್ಲ.

ಪೆಟ್ಟಿಗೆ ಎತ್ತುವ ಹೊತ್ತಿಗೆ ಇನ್ನೊಂದು ತಮಾಷೆಯಾಯಿತು. ಎತ್ತುವವರ ಆರು ಜನರಲ್ಲಿ ಆಸಿಯ ಹೆಸರಿರಲಿಲ್ಲ. ಆದರೆ ಗಾರ್ಲೆಂಡ್ ಹಿಡಿಕೆಗೆ ಕೈ ಹಾಕಿ ಬಗ್ಗಿದವನು, "ಅಯ್ಯಯ್ಯೋ, ಸೊಂಟ," ಎಂದು ಅಲ್ಲೇ ನಿಂತ. ಎಲ್ಲರೂ ಸುತ್ತ ನೋಡಿದರು.

"ಟಾರ್ವರ್," ಎಂದ ಗಾರ್ಲೆಂಡ್ ಹಲ್ಲು ಕಚ್ಚಿಕೊಂಡು, "ನೀನು ಬಾ ಮಾರಾಯಾ."

ಆಸಿ ಹೋಗಿ ಹಿಡಿಕೆ ಹಿಡಿದ. ಬಾಗಿಲ ಬಳಿ ನಿಂತಿದ್ದ ಒಬ್ಬ ಮುದುಕ ಪಕ್ಕದವನಿಗೆ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. "ನೋಡ್ದಾ, ಇವತ್ತೂ ಬದಲಿ ಆಟಗಾರನೇ."

* * *

ನಿವೃತ್ತನಾಗಿ ಊರಿಗೆ ಬಂದ ವರ್ಷ ಹೈಸ್ಕೂಲಿನವರು ಆಸಿಗೆ ಸನ್ಮಾನ ಇಟ್ಟುಕೊಂಡಿದ್ದರು. ಊರಿನ ಮುಖ್ಯಬೀದಿಯಲ್ಲಿ ಮೆರವಣಿಗೆ. ಬ್ಯಾಂಡು, ಹುಡುಗಿಯರ ಕುಣಿತ, ಅದರ ಹಿಂದೆ ತೆರೆದ ಕೆಂಪು ಕಾರು, ಕಾರಿನ ಹಿಂಬದಿಯ ಅಂಚಿನ ಮೇಲೆ ಸೂಟು ತೊಟ್ಟ ಆಸಿ. ಅವನ ತಾಯಿ ಆಗ ಇನ್ನೂ ಇದ್ದಳು. ಬ್ಯಾಂಕಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

ಕಾರು ಓಡಿಸಲು ಯಾರನ್ನು ಹಾಕಿದ್ದಾರೆಂದು ಆಸಿಗೆ ಗೊತ್ತಾದದ್ದು ಹತ್ತುವಾಗಲೇ. "ನಾನೇ ಕಣೋ ನಿನ್ನ ಡ್ರೈವರು," ಎಂದ ವರ್ಡೆಲ್, ಬಾಗಿಲು ಹಿಡಿದು. "ಊರಲ್ಲಿ ಜನ ಕೂರಿಸ್ಕೊಂಡು ಓಡಿಸೋ ಲೈಸೆನ್ಸ್ ಇರೋನು ನಾನೊಬ್ನೇ ಅಂತೆ."

ಮೊದಲ ತಿರುವಿನಲ್ಲೇ ಶುರುವಾಯಿತು. "ಫಸ್ಟ್ ರೌಂಡ್! ಏ ಫಸ್ಟ್ ರೌಂಡ್!" ಬಸ್ಸಿನಲ್ಲಿ ಹೋಗಿ ಬರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಕ್ಷೌರದಂಗಡಿಯವನು, ಎಲ್ಲರೂ ಸ್ಟೀರಿಂಗ್ ಹಿಡಿದವನಿಗೇ ಕೈ ಬೀಸುತ್ತಿದ್ದರು. ವರ್ಡೆಲ್ ಒಂದು ಕೈ ಎತ್ತಿ, ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸುತ್ತಿದ್ದ. 'ನಾನಲ್ಲ, ಅವನು, ಅವನು.' ಅದನ್ನು ನೋಡಿ ಜನ ಇನ್ನೂ ಜೋರಾಗಿ ಕೂಗಿದರು. ಎಂಥ ದೊಡ್ಡ ಮನಸ್ಸು ಎಂದರು.

ಆಸಿ ಇಡೀ ಬೀದಿ ನಗುನಗುತ್ತಾ ಕೈ ಬೀಸಿದ. ಮನೆಗೆ ಬಂದು ಸೂಟು ಬಿಚ್ಚಿ ಕುರ್ಚಿಯ ಮೇಲೆ ಎಸೆದ. ಆ ಸೂಟನ್ನು ಮತ್ತೆ ತೊಡಲಿಲ್ಲ.

* * *

ಹೂತು ಬಂದ ಮೇಲೆ ಚರ್ಚಿನ ಹಿಂದಿನ ಹಾಲಿನಲ್ಲಿ ಊಟ. ಕರಿದ ಕೋಳಿ, ಚೀಸಿನ ಮ್ಯಾಕರೋನಿ, ಹಂದಿಮೂಳೆ ಹಾಕಿ ಬೇಯಿಸಿದ ಸೊಪ್ಪು, ಆಲೂಗೆಡ್ಡೆ ಸಲಾಡು, ಮೂರು ಬಗೆಯ ಕೇಕು. ಒಂದು ಬದಿಗೆ ಅಡಿಗೆಮನೆ. ಅದರ ಅಗಲ ಕಿಟಕಿಯಿಂದ ಹೆಂಗಸರು ತಟ್ಟೆ ದಾಟಿಸುತ್ತಿದ್ದರು. ಆಸಿ ಮೂಲೆಯ ಮೇಜಿನಲ್ಲಿ ಒಬ್ಬನೇ ಕೂತಿದ್ದ. ಯೊಲಾಂಡಾ ಕಪ್ಪು ಹ್ಯಾಟು ತೆಗೆದು ಮೇಜಿನ ಮೇಲಿಟ್ಟು ಎದುರು ಕೂತಳು. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸು. ಕಾಲು ಬೆರಳು ನೋಯುತ್ತಿದ್ದವೇನೋ, ಮೇಜಿನ ಕೆಳಗೆ ಚಪ್ಪಲಿ ಕಳಚಿದಳು.

"ಚೆನ್ನಾಗಿ ಮಾತಾಡ್ದೆ," ಎಂದಳು.

"ಸುಳ್ಳು ಹೇಳ್ಬೇಡ."

"ಸರಿ, ಚೆನ್ನಾಗಿ ಮಾತಾಡ್ಲಿಲ್ಲ." ಅವಳು ಅವನ ತಟ್ಟೆಯಿಂದ ಒಂದು ಚೂರು ಕೋಳಿಚರ್ಮ ಮುರಿದು ಬಾಯಿಗಿಟ್ಟಳು. "ನೂರಾ ಹನ್ನೊಂದು ಗಜ! ಶವದ ಮುಂದೆ! ಅವನು ಪೆಟ್ಟಿಗೆಯಿಂದ ಎದ್ದು ಬರ್ತಾನೆ ಅಂದ್ಕೊಂಡೆ."

"ಕ್ಷಮಿಸು ಯೊಲಾಂಡಾ."

"ಕ್ಷಮೆ ಬೇಡ. ನಿಂಗೊಂದು ಹೇಳ್ಬೇಕು. ಅವನು ಇದ್ದಾಗ ಹೇಳೋ ಹಾಗಿರ್ಲಿಲ್ಲ." ಸುತ್ತ ಯಾರಿದ್ದಾರೆಂದು ನೋಡಿದಳು. "ಅವನು ನಿನ್ನ ಮ್ಯಾಚು ಒಂದೂ ನೋಡ್ಲಿಲ್ಲ ಕಣೋ."

"ಅಂದ್ರೆ?"

"ಒಂದೂ ಅಂದ್ರೆ ಒಂದೂ ಇಲ್ಲ. ಒಂಬತ್ತು ವರ್ಷ. ಯಾರಾದ್ರೂ ಬಂದು ಕೇಳಿದ್ರೆ, ಮಂಡಿನೋವು ಕಣಪ್ಪ, ಮಲಗಿದಾನೆ ಅಂತಿದ್ದೆ. ಮಂಡಿಗೂ ಟಿವಿಗೂ ಏನು ಸಂಬಂಧ, ಯಾವನೂ ಕೇಳ್ಲಿಲ್ಲ."

"ಮತ್ತೇನ್ ಮಾಡ್ತಿದ್ದ?"

"ಬಸ್ ತೊಳೀತಿದ್ದ."

ಆಸಿ ಚಮಚ ಕೆಳಗಿಟ್ಟ.

"ಭಾನುವಾರ ಮಧ್ಯಾಹ್ನ ಬೀದಿಗೆ ಬೀದಿನೇ ಟಿವಿ ಮುಂದೆ ಇರ್ತಿತ್ತಲ್ಲ. ನೀನು ಓಡಿದ್ರೆ ಎಲ್ಲರ ಮನೆಯಿಂದ್ಲೂ ಕೂಗು ಬರೋದು. ಇವನು ಅಂಗಳದಲ್ಲಿ ಬಕೆಟ್ ಇಟ್ಕೊಂಡು ಬ್ರಷ್ ಹಿಡಿದು ನಿಂತಿರೋನು. ಒಂದು ಕೂಗು ಬಂದ್ರೆ ಒತ್ತಿ ಉಜ್ಜೋನು. ಇನ್ನೊಂದು ಬಂದ್ರೆ ಇನ್ನೂ ಒತ್ತಿ. ಸೋಮವಾರ ಮಕ್ಕಳು ಬಸ್ ನೋಡೇ ಹೇಳ್ತಿದ್ವು, ನಿನ್ನೆ ಟಾರ್ವರ್ ಜೋರಾಗಿ ಆಡಿದಾನೆ ಅಂತ."

ಆಸಿಯ ಮೈಯಲ್ಲಿ ಏನೋ ಬೆಚ್ಚಗೆ ಹರಿಯಿತು. ಮೊದಲು ಪಾದದಲ್ಲಿ, ಆಮೇಲೆ ಹೊಟ್ಟೆಯಲ್ಲಿ, ಆಮೇಲೆ ಕಿವಿಯವರೆಗೂ. ಸಾವಿನ ಊಟಕ್ಕೆ ಕೂತಿದ್ದೇನೆಂಬುದೂ ಅವನಿಗೆ ಮರೆತುಹೋಯಿತು.

"ಆ ಹಿಮ ಬಿದ್ದ ಮ್ಯಾಚು," ಎಂದ. ಮೇಜಿನ ಮೇಲೆ ಮುಂದಕ್ಕೆ ಬಾಗಿದ. "ನಾನು ಮೂರು ಸಲ ಗೆರೆ ದಾಟಿ ಅಂಕ ತಂದಿದ್ದು. ಆವತ್ತು?"

"ಆವತ್ತು ಬಣ್ಣ ಕಿತ್ತು ಬಂತು. ಶಾಲೆಯೋರು ಬೈದ್ರು."

"ನಿಜವಾಗ್ಲೂ?"

"ಬಲಗಡೆ ಪೂರ್ತಿ ಹೋಯ್ತು. ಮತ್ತೆ ಹಳದಿ ಬಳಿಸ್ಬೇಕಾಯ್ತು."

"ಆಮೇಲೆ, ನಾನು ಇಡೀ ದೇಶದ ಅತ್ಯುತ್ತಮ ಆಟಗಾರರ ತಂಡಕ್ಕೆ ಆಯ್ಕೆಯಾದೆನಲ್ಲ, ಆ ವರ್ಷ?"

"ಆ ವರ್ಷ ನಮ್ಮನೆ ಕಿಟಕಿಗಳೂ ಲಕಲಕ ಅಂತಿದ್ವು."

"ಏನಾದ್ರೂ ಅಂತಿದ್ನಾ ನನ್ನ ಬಗ್ಗೆ? ಬಾಯಿ ಬಿಟ್ಟು?"

ಯೊಲಾಂಡಾ ಅವನ ಮುಖವನ್ನೇ ನೋಡಿದಳು. ನಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. "ಎರಡು ಗ್ಲಾಸ್ ಹಾಕಿದ ಮೇಲೆ ಅಂತಿದ್ದ. 'ಆ ನನ್ಮಗ ನನ್ನ ಕಾಲಲ್ಲಿ ಓಡ್ತಾ ಇದಾನೆ' ಅಂತ. ಬೆಳಗ್ಗೆ ಎದ್ದು ನಾಚ್ಕೋತಿದ್ದ. ಆ ಮೆರವಣಿಗೆ ದಿನ ಕಾರು ಓಡಿಸಿದ್ನಲ್ಲ, ಮನೆಗೆ ಬಂದು ಎರಡು ದಿನ ಮಾತಾಡ್ಲಿಲ್ಲ. ಒಳ್ಳೆಯವನೇ ಕಣೋ ಅವನು. ಆದ್ರೆ ನಿನ್ನ ವಿಷಯಕ್ಕೆ ಮಾತ್ರ ಹೊಟ್ಟೆ ಉರ್ಕೊಂಡೇ ಬದುಕಿದ, ಹೊಟ್ಟೆ ಉರ್ಕೊಂಡೇ ಸತ್ತ. ನಿಂಗೆ ಬೇಜಾರಾಯ್ತಾ?"

"ಇಲ್ಲ," ಎಂದ ಆಸಿ. "ಇಲ್ಲ ಇಲ್ಲ. ಇನ್ನೊಂದು ಸಲ ಹೇಳು."

"ಏನನ್ನ?"

"ಬಸ್ಸಿಂದು."

"ನಿನ್ನ ಊಟ ಆರ್ತಾ ಇದೆ, ತಿನ್ನು," ಎಂದು ಯೊಲಾಂಡಾ ಚಪ್ಪಲಿ ಮೆಟ್ಟಿಕೊಂಡು ಎದ್ದಳು.

ಆಸಿ ತಿನ್ನಲಿಲ್ಲ. ಅವನಿಗೆ ಹೊಟ್ಟೆ ತುಂಬಿತ್ತು. ಇಷ್ಟು ವರ್ಷ ತಾನೊಬ್ಬನೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದ. ಅಲ್ಲಿ, ಮೂರು ಬೀದಿಯಾಚೆ, ಮೊದಲನೇ ಸುತ್ತಿನವನು ಬ್ರಷ್ ಹಿಡಿದು ಆಸಿಯನ್ನು ನೆನೆದು ಉರಿಯುತ್ತಿದ್ದ. ಇಡೀ ವಿಷಯವನ್ನು ಎದ್ದು ನಿಂತು ಎಲ್ಲರಿಗೂ ಕೂಗಿ ಹೇಳಬೇಕೆನಿಸಿತು. ಅದನ್ನಂತೂ ಹೇಳುವಂತಿಲ್ಲ. ಆದರೆ ಬೇರೆ ಏನನ್ನಾದರೂ ಕೊಡಬಹುದು. ಗೆದ್ದವನು ಕೊಡಬಹುದು. ಒಂದು ವರ್ಷದಿಂದ ಕನಸಿನಲ್ಲೂ ಕಾಡುತ್ತಿದ್ದ ಮೈದಾನ ಈಗ ಅವನಿಗೆ ಒಂದು ತುಂಡು ಹುಲ್ಲಾಗಿ ಕಂಡಿತು.

ಅವನು ಚಮಚದಿಂದ ಗ್ಲಾಸು ತಟ್ಟಿದ. ಇಲ್ಲಿ ಆರ್ಗನ್ ಇರಲಿಲ್ಲ.

"ಒಂದ್ ನಿಮಿಷ ಎಲ್ರೂ ಕೇಳಿ," ಎಂದ. "ಹೈಸ್ಕೂಲ್ ಮೈದಾನಕ್ಕೆ ಹೆಸರು ಬೇಕಾಗಿದೆ ಅಂತ ನಿಮಗೆಲ್ಲ ಗೊತ್ತು. ಕಮಿಟಿಯಲ್ಲಿ ನಾನೂ ಇದೀನಿ. ನಾನು ಹೇಳೋದು ಇಷ್ಟೇ. ಅದು ವರ್ಡೆಲ್ ಮ್ಯಾಕಿ ಮೈದಾನ ಆಗ್ಬೇಕು."

ಸೂರೇ ಹಾರಿಹೋಗುವಂತೆ ಕೂಗು ಎದ್ದಿತು. ಗಾರ್ಲೆಂಡ್ ಸೊಂಟ ಮರೆತು ಮೇಜು ಗುದ್ದಿದ. ಬ್ರೆಂಟ್ ಕುರ್ಚಿ ಹತ್ತಿದ. "ಫಸ್ಟ್ ರೌಂಡ್! ಫಸ್ಟ್ ರೌಂಡ್!" ಎಂದು ಅವರಿಬ್ಬರು ಎತ್ತಿಕೊಟ್ಟರೆ ಇಡೀ ಹಾಲು ಕಾಲು ಬಡಿಯುತ್ತಾ ಹಾಡಿತು. ಡ್ರೂಸಿಲ್ಲಾ ಎರಡೂ ಕೈ ಮೇಲೆತ್ತಿದಳು. ಯೊಲಾಂಡಾ ಮುಖ ಮುಚ್ಚಿಕೊಂಡು ಅತ್ತಳು. ಜನ ಓಡಿ ಹೋಗಿ ಅವಳನ್ನು ತಬ್ಬಿಕೊಂಡರು.

ಆಸಿ ನಿಂತೇ ಇದ್ದ, ನಗುಮುಖ ಸಿದ್ಧಮಾಡಿಕೊಂಡು. ಯಾರಾದರೂ ಬಂದು ಕೈ ಕುಲುಕುತ್ತಾರೆ, ಎಂಥ ದೊಡ್ಡ ಮನಸ್ಸಪ್ಪ ನಿಂದು ಎನ್ನುತ್ತಾರೆ ಎಂದು ಕಾದ. ಡ್ರೂಸಿಲ್ಲಾ ಅವನನ್ನು ದಾಟಿಕೊಂಡು ಪಾದ್ರಿಯ ಹತ್ತಿರ ಹೋದಳು. ಒಬ್ಬಾಕೆ ಬಂದಳು, "ಸ್ವಲ್ಪ ಸರಿಯಪ್ಪ," ಎಂದು ಅವನ ಹಿಂದಿದ್ದ ಕುರ್ಚಿ ತೆಗೆದುಕೊಂಡು ಹೋದಳು. ಸುತ್ತ ಕಣ್ಣಾಡಿಸಿದ. ಕೂಗುತ್ತಿರುವ ಬಾಯಿಗಳು, ಒದ್ದೆ ಕಣ್ಣುಗಳು. ಈ ಊರಿನಲ್ಲಿ ಆಸಿ ಟಾರ್ವರನನ್ನು ನೋಡಿ ಕರುಬಿದವನು ಇದ್ದದ್ದು ಒಬ್ಬನೇ. ಅವನನ್ನು ಈಗಷ್ಟೇ ಮಣ್ಣು ಮಾಡಿ ಬಂದಿದ್ದರು. ಹೊಟ್ಟೆಯೊಳಗಿನ ಬಿಸಿ ಹಾಗೇ ಇತ್ತು, ಆದರೆ ಅದು ಈಗ ಮತ್ತೆ ಹಳೆಯ ಉರಿಯಾಗಿತ್ತು.

ಅವನು ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದ. ಹೆಂಗಸರೆಲ್ಲ ಗದ್ದಲ ನೋಡಲು ಹಾಲಿಗೆ ಹೋಗಿದ್ದರು. ಒಳಗಿದ್ದವಳು ಸಿಸ್ಟರ್ ಅರ್ನೆಟಾ ಒಬ್ಬಳೇ, ಬಿಳಿ ಕೈಗವಸು ಕಳಚಿಟ್ಟು ಮಿಕ್ಕ ಕೇಕಿಗೆ ಕಾಗದ ಸುತ್ತುತ್ತಿದ್ದಳು.

"ತಟ್ಟೆ ಅಲ್ಲಿಟ್ಟು ಹೋಗಪ್ಪ, ನಾವು ನೋಡ್ಕೋತೀವಿ," ಎಂದಳು.

ಆಸಿ ಕೋಟು ಕಳಚಿ ಬಾಗಿಲ ಹಿಡಿಕೆಗೆ ಹಾಕಿದ. ತೋಳು ಮಡಿಸಿದ. ನಲ್ಲಿ ತಿರುಗಿಸಿ, ಕೈಗೆ ಸಿಕ್ಕಿದ ದೊಡ್ಡ ಬಾಣಲೆಯನ್ನು ತೊಟ್ಟಿಗೆ ಎಳೆದುಕೊಂಡು ಉಜ್ಜತೊಡಗಿದ. ಹಾಲಿನಿಂದ ಮತ್ತೊಂದು ಕೂಗು ಬಂತು. ಅವನು ಒತ್ತಿ ಉಜ್ಜಿದ. ಇನ್ನೊಂದು ಬಂತು. ಭುಜ ಬಗ್ಗಿಸಿ ಇನ್ನೂ ಒತ್ತಿದ. ಸೋಪಿನ ನೀರು ಅಂಗಿಯ ಮೇಲೆಲ್ಲ ಹಾರಿತು.

"ಬ್ರದರ್ ಟಾರ್ವರ್," ಎಂದಳು ಅರ್ನೆಟಾ, "ಅದು ತೊಳೆದಿಟ್ಟಿದ್ದು ಕಣಪ್ಪ."

ಆಸಿ ಬಾಣಲೆಯನ್ನು ಮಗುಚಿ ತಳ ಉಜ್ಜತೊಡಗಿದ.